ಮಗು ನೋಡಿಕೊಳ್ಳುವವರು ಬೇಕಾಗಿದ್ದಾರೆ

ಮಿಕ್ಸಿ ಕೊಳ್ಳುವುದಿರಲಿ, ಮೈಸೂರಿಗೆ ಹೋಗಿಬರುವುದಿರಲಿ, ಎಕ್ಸೆಲ್ ಶೀಟ್ ತೆರೆಯದೆ ನಾನು ಸಂಸಾರದ ಯಾವ ಕೆಲಸಕ್ಕೂ ಕೈ ಹಾಕಿದವನಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ ಹಿರಿಯರು ಹೇಳಿದ್ದಾರೆ. ಎಕ್ಸೆಲ್ ಶೀಟ್ ಮಾಡಬಾರದು ಅಂತ ಯಾರೂ ಹೇಳಿಲ್ಲ. ಹಾಗಾಗಿ ಹೆಂಡತಿಯ ಸೀಮಂತದ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ‘ಮಗು ಪಾಲನೆ - ಅಂತಿಮ - ಹೊಸದು’ ಎಂಬ ಫೈಲು ತಯಾರಾಗಿತ್ತು. ಒಂದೊಂದು ಸಾಲಿಗೆ ಅಜ್ಜಿ, ಆಯಾ, ಡೇಕೇರ್, ಆಫೀಸಿನ ಕ್ರೆಶ್, ಅಂಗನವಾಡಿ. ಒಂದೊಂದು ಕಾಲಮ್ಮಿಗೆ ಖರ್ಚು, ದೂರ, ಸ್ವಚ್ಛತೆ, ಊಟ, ಪ್ರೀತಿ. ಪ್ರೀತಿಗೆ ಹತ್ತಕ್ಕೆ ಎಷ್ಟು ಅಂಕ ಕೊಡಬೇಕೆಂದು ಬಗೆಹರಿಯದೆ ಆ ಕಾಲಮ್ಮಿಗೆ ಸದ್ಯಕ್ಕೆ ಗುಲಾಬಿ ಬಣ್ಣ ಬಳಿದು ಬಿಟ್ಟಿದ್ದೆ.

ಮೊದಲು ರಜೆಯ ಲೆಕ್ಕ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ 12 ವಾರಗಳ ರಜೆ 26 ವಾರ ಆಯಿತು. ಅದು ಹೆಂಡತಿಗೆ. ನನಗೆ? ಕೇಂದ್ರ ಸರ್ಕಾರದ ನೌಕರನಾಗಿದ್ದರೆ 15 ದಿನ ಪಿತೃತ್ವ ರಜೆ. ಖಾಸಗಿ ಕಂಪನಿಯವನ ಬಗ್ಗೆ ಕಾನೂನು ಬಾಯಿಬಿಡುವುದಿಲ್ಲ. ಕಂಪನಿ ಕೊಟ್ಟರೆ ಉಂಟು. ನಮ್ಮ ಕಂಪನಿ ಬೆರಳೆಣಿಕೆಯ ದಿನಗಳನ್ನೂ ಒಂದು ಬೊಕೆಯನ್ನೂ ಕೊಟ್ಟಿತು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಉಂಟೆಂದು ಓದಿ ಹೇಳಿದೆ. ‘ಗಂಡಸರಿಗಿಲ್ವಾ?’ ಅಂದಳು. ‘ಇದೆ. ಆದರೆ ಹೆಂಡತಿ ಇರಬಾರದು, ಒಬ್ಬನೇ ಮಗು ಸಾಕ್ತಿರಬೇಕು’ ಅಂದೆ. ‘ಆ ಏರ್ಪಾಟೇನು ಮಹಾ ಕಷ್ಟ ಅಲ್ಲ’ ಎಂದು ಹೇಳಿ ಮಗ್ಗುಲು ಬದಲಾಯಿಸಿದಳು.

ನನ್ನ ಶೀಟಿನಲ್ಲಿ ಮೊದಲ ಸ್ಥಾನ ಅಜ್ಜಿಯರದು. ಖರ್ಚಿನ ಕಾಲಮ್ಮಿನಲ್ಲಿ ಅವರಿಗೆ ಸೊನ್ನೆ. ಅಮ್ಮ ತೀರ್ಥಹಳ್ಳಿ ಕಡೆಯಿಂದಲೂ ಅತ್ತೆ ಧಾರವಾಡದಿಂದಲೂ ಒಂದೇ ವಾರ ಬಂದಿಳಿದರು. ಅಮ್ಮನ ಕೈಯಲ್ಲಿ ತೆಂಗಿನೆಣ್ಣೆ, ಅತ್ತೆಯ ಕೈಯಲ್ಲಿ ಹರಳೆಣ್ಣೆ. ಮಗು ಬೆಳಗ್ಗೆ ಒಂದು ಜಿಲ್ಲೆಯ ಪ್ರಕಾರ, ಸಂಜೆ ಇನ್ನೊಂದು ಜಿಲ್ಲೆಯ ಪ್ರಕಾರ ಮಿರಮಿರ ಮಿಂಚತೊಡಗಿತು. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದಂತೆ. ಅಜ್ಜಿಯರ ಜಗಳದಲ್ಲಿ ಕೂಸು ದುಂಡಗಾಗಿ, ಬಡವಾದವರು ನಾವಿಬ್ಬರು.

ಸ್ನಾನದ ಹೊತ್ತು ನೋಡಬೇಕಿತ್ತು. ಅಮ್ಮ ಬಚ್ಚಲಲ್ಲಿ ಮಣೆ ಹಾಕಿ, ಸೀರೆ ಮೊಣಕಾಲಿಗೆ ಸಿಕ್ಕಿಸಿ, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಳ್ಳುತ್ತಿದ್ದಳು. ಬೆನ್ನಿಗೆ ಎಣ್ಣೆ ತಿಕ್ಕಿದಂತೆ ಅದರ ಕಿವಿ ಕೆಂಪಾಗುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. ನಾನು ನಡುವೆ ತೂರಿ ಬಕೆಟ್ಟಿಗೆ ಥರ್ಮಾಮೀಟರ್ ಇಳಿಸಿ ‘37 ಡಿಗ್ರಿ ಇರಬೇಕು, 39 ಇದೆ’ ಅಂದೆ. ಅಮ್ಮ ನೀರಿಗೆ ಮೊಣಕೈ ಅದ್ದಿ ನೋಡಿ, ‘ನಿನ್ ಯಂತ್ರಕ್ಕೆ ಸ್ನಾನ ಮಾಡ್ಸದಾದ್ರೆ ಆಚೆ ತಗಂಡ್ ಹೋಗಿ ಮಾಡ್ಸು ಮಾರಾಯ’ ಎಂದಳು. ಅಲ್ಲಿಯವರೆಗೆ ಮಾತು ಬಿಟ್ಟಿದ್ದ ಅತ್ತೆ, ಬಾಗಿಲಾಚೆಯಿಂದ ‘ಖರೇ ಅಂದ್ರಿ ನೋಡ್ರಿ’ ಎಂದರು. ಇಬ್ಬರನ್ನೂ ಒಂದುಗೂಡಿಸಿದ ಇನ್ನೊಬ್ಬರೆಂದರೆ ಡಾಕ್ಟರು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಬೇಡ, ನಾಲಿಗೆಗೆ ಬಜೆ ತೇಯ್ದು ಹಚ್ಚುವುದಂತೂ ಬೇಡವೇ ಬೇಡ ಎಂದು ಅವರು ಹೇಳಿದ ದಿನ, ಮಲೆನಾಡೂ ಬಯಲುಸೀಮೆಯೂ ಒಂದಾಗಿ ಡಾಕ್ಟರ ವಯಸ್ಸು ವಿಚಾರಿಸಿದವು.

ಆದರೆ ಅಡಿಕೆ ಕೊಯ್ಲು ಯಾರ ಮೊಮ್ಮಗುವಿಗೂ ಕಾಯುವುದಿಲ್ಲ. ಕೊನೆ ಇಳಿಸುವ ಕಾಲ ಬಂತೆಂದು ಅಮ್ಮ ಹೊರಟಳು. ಲಿಫ್ಟಿಲ್ಲದ ನಮ್ಮ ಮನೆಯ ಮೆಟ್ಟಿಲು ಹತ್ತಿಳಿದು ಅತ್ತೆಯ ಮಂಡಿ ಕೈಕೊಟ್ಟಿತು. ಶೀಟಿನಲ್ಲಿ ನಾನು ಅಜ್ಜಿಯರ ವಯಸ್ಸನ್ನೂ ತೋಟವನ್ನೂ ಸೊನ್ನೆ ಖರ್ಚಿನೊಳಗೇ ಅಡಗಿಸಿಟ್ಟಿದ್ದೆ.

ಮುಂದಿನದು ಹೆಂಡತಿಯ ಆಫೀಸಿನ ಕ್ರೆಶ್. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಕ್ರೆಶ್ ಸೌಲಭ್ಯ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎನ್ನುತ್ತದೆ ಅದೇ 2017ರ ತಿದ್ದುಪಡಿ. ಕಾನೂನು ಬಿಡುತ್ತದೆ, ಮೀಟಿಂಗು ಬಿಡುವುದಿಲ್ಲ. ಅದಕ್ಕೂ ಮೊದಲು ಮಗು ಅಲ್ಲಿಗೆ ತಲುಪಬೇಕಲ್ಲ? ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್. ನೇರಳೆ ಮಾರ್ಗದ ಮೆಟ್ರೋ 2023ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರವಾಗಿ ಓಡುತ್ತದೆಂದು ನಾನು ‘ದೂರ’ಕ್ಕೆ ಪೂರ್ತಿ ಅಂಕ ಕೊಟ್ಟಿದ್ದೆ. ಮೆಜೆಸ್ಟಿಕ್ಕಿನಲ್ಲಿ ಏರುವ ಜನರಿಗೆ ನನ್ನ ಶೀಟಿನಲ್ಲಿ ಜಾಗವಿರಲಿಲ್ಲ. ಅವರು ಏರಿದ ಮೇಲೆ ಬೋಗಿಯಲ್ಲಿ ನಮಗೂ ಜಾಗವಿರಲಿಲ್ಲ. ಮಗು ಮಾತ್ರ ‘ಮುಂದಿನ ನಿಲ್ದಾಣ’ ಎಂಬ ಘೋಷಣೆ ಬಂದಾಗ ಅಳು ನಿಲ್ಲಿಸಿ, ಮುಗಿದೊಡನೆ ಶುರುಮಾಡುತ್ತಿತ್ತು. ಹೀಗಾಗಿ ಊರಿನ ಅಷ್ಟೂ ನಿಲ್ದಾಣಗಳ ನಡುವಿನ ಅಂತರ ಸಹಪ್ರಯಾಣಿಕರಿಗೆ ಬಾಯಿಪಾಠವಾಯಿತು.

ಮೂರನೆಯದು ಆಯಾ. ಏಜೆನ್ಸಿಯವರು ಕಳಿಸಿದ ಹೆಂಗಸನ್ನು ಸಂದರ್ಶನ ಮಾಡಲು ಪ್ರಶ್ನೆಗಳ ಪಟ್ಟಿ ಹಿಡಿದು ಕೂತೆ. ಕೇಳಿದ್ದು ಆಕೆ. ಮನೆಯಲ್ಲಿ ಎಷ್ಟು ಜನ? ಪಾತ್ರೆ ಯಾರು ತೊಳೀತಾರೆ? ಭಾನುವಾರ ರಜೆ ಉಂಟೋ ಇಲ್ಲವೋ? ‘ಸಾರ್ ವರ್ಕ್ ಫ್ರಮ್ ಹೋಮಾ?’ ಅಲ್ಲ ಎಂದ ಮೇಲೆ ಆಕೆಯ ಮುಖ ಅರಳಿತು, ಕೆಲಸಕ್ಕೆ ಒಪ್ಪಿಕೊಂಡರು. ನಾನು ಅವರಿಗೆ ಹೇಳಿಯೇ ತೊಟ್ಟಿಲ ಮೇಲೊಂದು ಕ್ಯಾಮೆರಾ ಹಾಕಿಸಿದೆ. ಅದರಲ್ಲಿ ಕಂಡದ್ದು ಇಷ್ಟೇ: ಮಗು ನಿದ್ದೆ, ಆಯಾ ಪಕ್ಕದಲ್ಲಿ ಅವರೆಕಾಳು ಸುಲಿಯುವುದು, ಆಗಾಗ ಕಾಲಿನಿಂದ ತೊಟ್ಟಿಲು ತೂಗುವುದು. ಆ ಮನೆಯಲ್ಲಿ ನೆಮ್ಮದಿಯಿಲ್ಲದವನು ಒಬ್ಬನೇ, ಅವನೂ ಆಫೀಸಿನಲ್ಲಿದ್ದ. ಒಂದು ದಿನ ಮೀಟಿಂಗಿನಲ್ಲಿ ತ್ರೈಮಾಸಿಕ ವರದಿ ಎಂದುಕೊಂಡು ಬೇರೆ ಕಿಟಕಿಯನ್ನು ಶೇರ್ ಮಾಡಿದೆ. ಇಡೀ ತಂಡ, ಜೊತೆಗೆ ವಿದೇಶದ ಗ್ರಾಹಕರು, ನನ್ನ ಮಗುವಿನ ಲಂಗೋಟಿ ಬದಲಾಯಿಸುವುದನ್ನು ಮೌನವಾಗಿ ವೀಕ್ಷಿಸಿದರು. ಆ ತ್ರೈಮಾಸಿಕದಲ್ಲಿ ನಾನು ತೋರಿಸಿದ ಏಕೈಕ ಪ್ರಗತಿ ಅದು. ಮುಂದೆ ಆಯಾ ಮಗಳ ಬಾಣಂತನಕ್ಕೆ ಊರಿಗೆ ಹೋದರು. ಅವರ ಮನೆಯಲ್ಲೂ ಮಗು ನೋಡಿಕೊಳ್ಳುವವರು ಬೇಕಾಗಿದ್ದರು.

ಆಮೇಲೆ ನನ್ನ ಪ್ರೀತಿಯ ಅಂಗನವಾಡಿ. ನಾನೇ ಅಂಗನವಾಡಿಯ ಉಪ್ಪಿಟ್ಟು ತಿಂದು ಬೆಳೆದವನು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದ ಪ್ರಯೋಗ ನಡೆದದ್ದು ತಿರುಮಕೂಡಲು ನರಸೀಪುರದಲ್ಲಿ ಎಂಬುದನ್ನು ಬಡಾವಣೆಯ ಅಂಗನವಾಡಿ ಟೀಚರಮ್ಮನಿಗೇ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ‘ಮೂರು ವರ್ಷ ತುಂಬಿದ ಮೇಲೆ ಕರ್ಕೊಂಬನ್ನಿ. ಸಂಜೆ ನಾಲ್ಕಕ್ಕೆ ಬಿಡ್ತೀವಿ. ನೀವು ಮನೆಗೆ ಬರೋದು?’ ಅಂದರು. ‘ಎಂಟು’ ಅಂದೆ. ‘ಹಂಗಾದ್ರೆ ಕಷ್ಟ’ ಅಂದರು. ಮೂರು ವರ್ಷದೊಳಗಿನ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳಿವೆ, ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ತೆರೆದದ್ದು ಎಂದು ಗೊತ್ತಾಯಿತು. ಊರಿಗೆ ಹೋಗಿ ಜಾಬ್ ಕಾರ್ಡ್ ಮಾಡಿಸಿದರೆ ಹೇಗೆ ಎಂದು ಗಂಭೀರವಾಗಿಯೇ ಕೇಳಿದೆ. ‘ಗುದ್ದಲಿ ಯಾವ ಕಡೆಯಿಂದ ಹಿಡೀಬೇಕು ಗೊತ್ತಾ?’ ಅಂದಳು ಹೆಂಡತಿ.

ಉಳಿದದ್ದು ಡೇಕೇರ್. ನಮ್ಮ ರಸ್ತೆಯಲ್ಲಿ ದರ್ಶಿನಿಗಳಷ್ಟೇ ಡೇಕೇರುಗಳಿವೆ, ಎಲ್ಲದರ ಗೋಡೆಯ ಮೇಲೂ ಅದೇ ಇಲಿ, ಅದೇ ಬಾತುಕೋಳಿ. ನಾವು ಹೋದಲ್ಲಿ ‘ನಮ್ಮದು ಮಾಂಟೆಸ್ಸರಿ ವಿಧಾನ’ ಎಂದರು. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನೆಲ್ಲ ಇಂಡಿಯಾದಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟದ್ದನ್ನು ನಾನು ಹೇಳತೊಡಗಿದೆ. ಹೆಂಡತಿ ಮಾತ್ರ ಒಬ್ಬ ಆಯಾಗೆ ಎಷ್ಟು ಮಕ್ಕಳು, ಮಲಗಿಸುವ ಕೋಣೆಗೆ ಗಾಳಿ ಎಲ್ಲಿಂದ ಬರುತ್ತೆ, ಹೇಳದೆ ಕೇಳದೆ ನಡುಹಗಲು ಬಂದರೆ ಒಳಗೆ ಬಿಡ್ತೀರಾ ಎಂದು ವಿಚಾರಿಸಿದಳು. ಮೂರಕ್ಕೂ ಸರಿಯಾದ ಉತ್ತರ ಬಂತು. ಕೊನೆಗೆ, ‘ಜ್ವರ ಬಂದರೆ?’ ಅಂದಳು. ‘ಕಳಿಸಬೇಡಿ ಮೇಡಂ. ಬೇರೆ ಮಕ್ಕಳಿಗೂ ಅಂಟುತ್ತೆ. ಪೂರ್ತಿ ಬಿಟ್ಟ ಮೇಲೆ ಕರ್ಕೊಂಬನ್ನಿ.’

ಅವತ್ತು ರಾತ್ರಿ ನನ್ನ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಪ್ರೀತಿಯ ಕಾಲಮ್ಮಿನ ಪಕ್ಕ ‘ಜ್ವರ’ ಎಂಬ ಹೊಸ ಕಾಲಮ್ಮು ಹಾಕಿದಳು. ಅಜ್ಜಿ: ಊರಲ್ಲಿ. ಆಯಾ: ಇನ್ನೂ ಬಂದಿಲ್ಲ. ಕ್ರೆಶ್: ಬೇಡ. ಅಂಗನವಾಡಿ: ಚಿಕ್ಕದು. ಡೇಕೇರ್: ಬೇಡ. ಆಮೇಲೆ ಕೆಳಗೊಂದು ಹೊಸ ಸಾಲು ಸೇರಿಸಿ ‘ಅಪ್ಪ’ ಎಂದು ಟೈಪಿಸಿದಳು. ಖರ್ಚು ಸೊನ್ನೆ, ದೂರ ಸೊನ್ನೆ, ಊಟಕ್ಕೆ ಹತ್ತಕ್ಕೆ ಎರಡು. ಜ್ವರದ ಕೆಳಗೆ ಪ್ರಶ್ನಾರ್ಥಕ ಚಿಹ್ನೆ. ‘ಯಾವುದನ್ನಾದರೂ ಆರಿಸು. ಎಲ್ಲಾ ಚೆನ್ನಾಗಿರೋ ದಿನ ಎಲ್ಲರೂ ನೋಡ್ಕೋತಾರೆ. ಈ ಕಾಲಮ್ಮು ಸರದಿ ಮೇಲೆ, ಒಂದು ಸಲ ನಾನು, ಒಂದು ಸಲ ನೀನು’ ಎಂದಳು. ಇಷ್ಟು ವರ್ಷ ಶೀಟ್ ಮಾಡಿದವನು ಶೀಟಿನೊಳಗೆ ಹೋದದ್ದು ಅದೇ ಮೊದಲು.

ಡೇಕೇರಿಗೆ ಸೇರಿದ ಮಗು ಮೊದಲು ತರುವುದು ಹಾಡಲ್ಲ, ನೆಗಡಿ. ಮಳೆಗಾಲ ಹಿಡಿಯುವ ಹೊತ್ತಿಗೆ ಹೆಂಡತಿಯ ಸರದಿ ಮುಗಿದಿತ್ತು. ಬೆಳಗ್ಗೆ ಮಗುವಿನ ಹಣೆ ಮುಟ್ಟಿ ನೋಡಿ, ಏನೂ ಹೇಳದೆ, ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ರೋ ಹಿಡಿದಳು. ನಾನು ಗಂಟಲು ಸರಿಮಾಡಿಕೊಂಡು ಮ್ಯಾನೇಜರಿಗೆ ಫೋನು ಮಾಡಿದೆ.

‘ಸಾರ್, ಮಗುಗೆ ಜ್ವರ. ಇವತ್ತು ರಜೆ ಬೇಕಿತ್ತು.’

‘ಅಯ್ಯೋ, ಪಾಪ. ಮನೇಲಿ ಯಾರೂ ಇಲ್ವೇನ್ರೀ?’

‘ಇದಾರೆ ಸಾರ್.’

‘ಮತ್ತೆ ಅವರು ನೋಡ್ಕೋತಾರಲ್ಲ?’

‘ನೋಡ್ಕೋತಾರೆ ಸಾರ್. ಅವರಿಗೇ ಈ ರಜೆ ಕೇಳ್ತಿರೋದು.’