ಹುಡುಗನಿಗೆ ಆರೂವರೆ ನಿಮಿಷ, ಇಲಾಖೆಗೆ ಆರಾಮ

ಬೇಲೂರು ತಾಲ್ಲೂಕಿನ ಬಿಕ್ಕೋಡಿನ ಸುತ್ತಮುತ್ತ ಬೆಳಗಿನ ಜಾವ ಐದು ಗಂಟೆಗೆ ರಸ್ತೆಯಲ್ಲಿ ಓಡುವವರು ಎರಡೇ ಬಗೆ. ಹಿಂದೆ ಆನೆ ಇರುವವರು, ಮುಂದೆ ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್ ಟೆಸ್ಟ್ ಇರುವವರು. ಮಂಜು ಮುಸುಕಿದ ಕತ್ತಲಲ್ಲಿ ಯಾರು ಯಾವ ಬಗೆ ಎಂದು ಹೇಳುವುದು ಕಷ್ಟ. ಎರಡನೇ ಬಗೆಯವರು ನಡುನಡುವೆ ಮೊಬೈಲ್ ತೆಗೆದು ಟೈಮ್ ನೋಡಿಕೊಳ್ಳುತ್ತಾರೆ, ಮೊದಲ ಬಗೆಯವರಿಗೆ ಆ ಗೋಜಿಲ್ಲ.

ಮೈಸೂರು, ಧಾರವಾಡದ ಹುಡುಗರಿಗಾದರೆ ಮೈದಾನವಿದೆ, ಸೀಟಿ ಊದುವ ಕೋಚ್ ಇದ್ದಾರೆ, ತಿಂಗಳ ಫೀಸಿದೆ. ನಮ್ಮ ಹೋಬಳಿಯ ಹುಡುಗರ ರನ್ನಿಂಗ್ ರೂಟನ್ನು ತೀರ್ಮಾನಿಸುವುದು ಆನೆ ಕಾರ್ಯಪಡೆಯವರು ಕಳಿಸುವ ಮೆಸೇಜು. ಹಿಂಡು ಯಾವ ಎಸ್ಟೇಟಿನಲ್ಲಿದೆಯೋ ಅದರ ಎದುರು ದಿಕ್ಕಿಗೆ ಅವತ್ತಿನ ಪ್ರಾಕ್ಟೀಸು. ಬೇಲೂರು, ಸಕಲೇಶಪುರ, ಆಲೂರಿನ ತೋಟಗಳಲ್ಲಿ ಆನೆ ತುಳಿದು ಸತ್ತವರ ಮನೆಗಳು ಎಷ್ಟೋ ಇವೆ. ಹಾಗಾಗಿ ಇಲ್ಲಿ ಮೆಸೇಜು ಓದದೆ ಶೂ ಕಟ್ಟುವವರಿಲ್ಲ.

ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. 3.80 ಮೀಟರ್ ಉದ್ದ ಜಿಗಿಯಬೇಕು, ಇಲ್ಲವೇ 1.20 ಮೀಟರ್ ಎತ್ತರ. 7.26 ಕೆ.ಜಿ. ಗುಂಡನ್ನು 5.60 ಮೀಟರ್ ದೂರ ಎಸೆಯಬೇಕು. ಮೈಯೆತ್ತರ 168 ಸೆಂ.ಮೀ., ಎದೆ 86, ಉಸಿರು ತುಂಬಿದಾಗ ಇನ್ನೈದು. ಹೆಣ್ಣುಮಕ್ಕಳಾದರೆ 400 ಮೀಟರ್ ಓಟಕ್ಕೆ 2 ನಿಮಿಷ, 4 ಕೆ.ಜಿ. ಗುಂಡು, 157 ಸೆಂ.ಮೀ. ಎತ್ತರ. ಆರು ನಿಮಿಷ ಮೂವತ್ತೊಂದು ಸೆಕೆಂಡಿಗೆ ಗೆರೆ ಮುಟ್ಟಿದವನು ನೇರ ಬಸ್‌ಸ್ಟ್ಯಾಂಡಿಗೆ. ಸರ್ಕಾರ ಸಮಯದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಅಳತೆಗಳನ್ನು ಗೊತ್ತು ಮಾಡಿದವರು ಬಿಕ್ಕೋಡಿನ ಕಡೆ ಬಂದಿರಲಾರರು. ಆರೂವರೆ ನಿಮಿಷಕ್ಕೆ 1,600 ಮೀಟರ್ ಎಂದರೆ ಗಂಟೆಗೆ ಹದಿನೈದು ಕಿ.ಮೀ.ಗೂ ತುಸು ಕಡಿಮೆ. ಏಷ್ಯಾದ ಆನೆ ಮನಸ್ಸು ಮಾಡಿದರೆ ಇಪ್ಪತ್ತನಾಲ್ಕು ಕಿ.ಮೀ. ವೇಗ ಮುಟ್ಟುತ್ತದೆ, ಹೆಚ್ಚು ಹೊತ್ತು ಅಲ್ಲದಿದ್ದರೂ. ಅಂದರೆ ಫಿಸಿಕಲ್‌ನಲ್ಲಿ ಪಾಸಾದವನೂ ಇಲ್ಲಿ ಬದುಕುಳಿಯುವ ಗ್ಯಾರಂಟಿ ಇಲ್ಲ. ಈ ಭಾಗದವರೆಲ್ಲ ಹೆಸರು ಹಿಡಿದು ಗುರುತಿಸುವ ಕಾಡಾನೆ ಭೀಮನನ್ನೇ ಮೈದಾನಕ್ಕೆ ಕರೆತಂದರೆ ಎತ್ತರ, ಎದೆ, ಓಟ, ಗುಂಡೆಸೆತ ಎಲ್ಲದರಲ್ಲೂ ಮೊದಲು. ಜಿಗಿತದಲ್ಲಿ ಮಾತ್ರ ಫೇಲು, ಆನೆಗೆ ಜಿಗಿಯಲು ಬರುವುದಿಲ್ಲ. ಪಿಯುಸಿ ಅಂಕಪಟ್ಟಿ ಇಲ್ಲ ಎಂಬುದು ಇನ್ನೊಂದು ತೊಡಕು. ಆದಾಯ ಪ್ರಮಾಣಪತ್ರವಂತೂ ಅವನಿಗೂ ಸುಲಭವಾಗಿ ಸಿಗಲಿಕ್ಕಿಲ್ಲ.

ಗುಂಡಿನ ತೂಕ 7.26 ಕೆ.ಜಿ. ಏಕೆ, ಏಳು ಅಥವಾ ಎಂಟು ಏಕಲ್ಲ ಎಂದು ಯಾರೂ ಕೇಳುವುದಿಲ್ಲ. ಅದು ಇಂಗ್ಲಿಷರ ಹದಿನಾರು ಪೌಂಡು, ಒಲಿಂಪಿಕ್ಸ್‌ನಲ್ಲಿ ಗಂಡಸರು ಎಸೆಯುವುದೂ ಅದನ್ನೇ. ತೋಟದಿಂದ ಹಣ್ಣುಕಾಫಿಯ ಮೂಟೆ ಹೊತ್ತು ಕಣಕ್ಕೆ ಸುರಿಯುವ ಹುಡುಗನಿಗೆ ಆ ತೂಕ ಲೆಕ್ಕಕ್ಕಿಲ್ಲ. ಆದರೆ ಕಬ್ಬಿಣದ ಗುಂಡು ಸಿಗಬೇಕಲ್ಲ? ಹಳೆಯ ಒರಳಿನ ಗುಂಡುಕಲ್ಲು ಹಿತ್ತಲಿಂದ ಎದ್ದು ಶಾಲೆಯ ಬಯಲಿಗೆ ಬರುತ್ತದೆ. ಓಡುವ ಕಳ್ಳನ ಮೇಲೆ ಗುಂಡುಕಲ್ಲು ಎಸೆದು ಹಿಡಿದ ಪ್ರಕರಣವನ್ನು ಯಾವ ಪತ್ರಿಕೆಯಲ್ಲೂ ನಾನು ಓದಿಲ್ಲ. ಪರೀಕ್ಷೆಯಲ್ಲಿದೆ, ಎಸೆಯಬೇಕು, ಅಷ್ಟೆ.

ಎತ್ತರದ್ದು ಇನ್ನೊಂದು ಕಥೆ. ಮನುಷ್ಯ ಬೆಳಿಗ್ಗೆ ಏಳುವಾಗ ಇರುವ ಎತ್ತರ ಸಂಜೆಗೆ ಇರುವುದಿಲ್ಲ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನದ ಭಾರಕ್ಕೆ ಅದುಮಿಕೊಂಡು ಎತ್ತರ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಹಾಗಾಗಿ 168ರ ಗಡಿಯಲ್ಲಿರುವವನನ್ನು ಬೆಳಿಗ್ಗೆ ಅಳೆದರೆ ಪೊಲೀಸು, ಮಧ್ಯಾಹ್ನ ಅಳೆದರೆ ಪಬ್ಲಿಕ್ಕು. ಕ್ಯೂನಲ್ಲಿ ನಾಲ್ಕು ಗಂಟೆ ನಿಲ್ಲಿಸಿಯೇ ಕುಳ್ಳಾಗಿಸಿ ಮನೆಗೆ ಕಳಿಸುವ ಸಾಮರ್ಥ್ಯ ಸರ್ಕಾರಕ್ಕಿದೆ ಎಂದಾಯಿತು. ಇದನ್ನರಿಯದ ಹುಡುಗರು ಹಲಸಿನ ಕೊಂಬೆಗೆ ಜೋತು ಬೀಳುತ್ತಾರೆ. ಅರ್ಧ ಸೆಂಟಿಮೀಟರ್ ಕಡಿಮೆಯಾದವರು ನೆತ್ತಿಯ ಕೂದಲನ್ನು ಬಾಚಿ ಬಾಚಿ ನಿಲ್ಲಿಸುತ್ತಾರೆ.

ಇವರದು ಪಾಪದ ಉಪಾಯ. 2022ರಲ್ಲಿ ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಚಾಲಕ ಹುದ್ದೆಗೆ ಬಂದ ಕೆಲವರು ಕನಿಷ್ಠ 55 ಕೆ.ಜಿ. ತೂಗಲು ಒಳಉಡುಪಿನೊಳಗೆ ಕಬ್ಬಿಣದ ತೂಕದ ಕಲ್ಲು ಕಟ್ಟಿಕೊಂಡು ಬಂದು ಸಿಕ್ಕಿಬಿದ್ದರು. ಊರೆಲ್ಲ ನಕ್ಕಿತು. ನಗುವಂಥದ್ದೇ. ಆದರೆ ಅನ್ನ ಕಡಿಮೆಯಾದ ಮೈಗೆ ಕಬ್ಬಿಣ ಕಟ್ಟಿಕೊಂಡವರನ್ನು ಹಿಡಿದ ವ್ಯವಸ್ಥೆ, ಸೊನ್ನೆಯ ಉತ್ತರಪತ್ರಿಕೆಗೆ ಅಂಕ ಕಟ್ಟಿಕೊಂಡವರನ್ನು ಹಿಡಿಯಲು ಎಷ್ಟು ಹೊತ್ತು ತೆಗೆದುಕೊಂಡಿತು?

ಆ ಲೆಕ್ಕಕ್ಕೇ ಬರೋಣ. 545 ಪಿಎಸ್‌ಐ ಹುದ್ದೆಗೆ 2021ರ ಜನವರಿಯಲ್ಲಿ ಅರ್ಜಿ ಕರೆದರು. ಪಿಎಸ್‌ಐಗೆ ಮೊದಲು ಓಟ, ಆಮೇಲೆ ಬರಹ. ಹುಡುಗರು ಓಡಿದರು, ಜಿಗಿದರು, ಎಸೆದರು. ಮೈದಾನದಲ್ಲಿ ಗೆದ್ದ ಸುಮಾರು 54 ಸಾವಿರ ಮಂದಿ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆಗೆ ಕೂತರು. ಅಲ್ಲಿಯವರೆಗೆ ಸೆಕೆಂಡು ಎಣಿಸುತ್ತಿದ್ದ ಇಲಾಖೆ ಅಲ್ಲಿಂದ ಕ್ಯಾಲೆಂಡರಿಗೆ ಬದಲಾಯಿತು. ಕಲಬುರಗಿಯ ಒಂದು ಕೇಂದ್ರದಲ್ಲಿ ಬೆರಳೆಣಿಕೆಯ ಪ್ರಶ್ನೆಗಳಿಗೆ ಉತ್ತರಿಸಿದ ಅಭ್ಯರ್ಥಿಗೆ ನೂರು ಮೀರಿ ಅಂಕ ಬಂದಿದ್ದು ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರನ್ನೇ ಸಿಐಡಿ ಬಂಧಿಸಿತು. ಪೊಲೀಸರನ್ನು ಆರಿಸುವ ಪೊಲೀಸರನ್ನು ಪೊಲೀಸರೇ ಹಿಡಿದ ಈ ಪ್ರಸಂಗ ಪ್ರಶ್ನೆಪತ್ರಿಕೆಯ ಸಾಮಾನ್ಯ ಜ್ಞಾನಕ್ಕೆ ಒಳ್ಳೆಯ ವಸ್ತು. ಮರುಪರೀಕ್ಷೆ ಆಗಲಿ ಎಂದು ಹೈಕೋರ್ಟ್ ಹೇಳಿದ್ದು 2023ರ ನವೆಂಬರ್‌ನಲ್ಲಿ. ಪರೀಕ್ಷಾ ಪ್ರಾಧಿಕಾರ ಅದನ್ನು ನಡೆಸಿದ್ದು 2024ರ ಜನವರಿ 23ರಂದು. ಅರ್ಜಿಯಿಂದ ಅಲ್ಲಿಗೆ ಭರ್ತಿ ಮೂರು ವರ್ಷ. ಅಷ್ಟರಲ್ಲಿ ಓಡಿದ್ದ ಹುಡುಗನಿಗೆ ಮದುವೆಯಾಗಿ, ಹೊಟ್ಟೆ ಬಂದು, ಮಗು ಓಡಲು ಕಲಿತಿರುತ್ತದೆ.

ಇದು ಹಗರಣದ ಕಥೆ, ಬಿಡಿ ಅನ್ನಬಹುದು. ಹಗರಣವಿಲ್ಲದ ಕಡೆ? ಸಶಸ್ತ್ರ ಮೀಸಲು ಪಡೆಯ 3,064 ಕಾನ್‌ಸ್ಟೆಬಲ್ ಹುದ್ದೆಗೆ 2022ರಲ್ಲಿ ಅರ್ಜಿ ಕರೆದು, ಲಿಖಿತ ಪರೀಕ್ಷೆ ನಡೆಸಿದ್ದು 2024ರ ಜನವರಿಯಲ್ಲಿ. ಅದು ಮೊದಲ ಮೆಟ್ಟಿಲು, ಓಟ ಇನ್ನೂ ಆಮೇಲೆ. 2024ರ ಅಕ್ಟೋಬರ್ ಕೊನೆಗೆ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆಯೇ ಬೇಡ ಎಂದು ಸರ್ಕಾರ ಎಲ್ಲ ನೇಮಕಾತಿಗೂ ತಡೆ ಹಾಕಿತು. ಒಳಮೀಸಲಾತಿ ನ್ಯಾಯದ ಮಾತು, ತಕರಾರಿಲ್ಲ. ಆದರೆ ದಶಕಗಳ ಬೇಡಿಕೆಯನ್ನು ಇತ್ಯರ್ಥ ಮಾಡುವ ತನಕ ಹುಡುಗರ ವಯಸ್ಸಿಗೂ ತಡೆ ಹಾಕುವ ಅಧಿಕಾರ ಸಂಪುಟಕ್ಕಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಧಾರವಾಡದಲ್ಲಿ ಸಾವಿರಾರು ಅಭ್ಯರ್ಥಿಗಳು ಬೀದಿಗಿಳಿದರು. ಸರ್ಕಾರ ವಯೋಮಿತಿ ಸಡಿಲಿಸಿತು. ಕೆಲಸ ಕೇಳಿದವರಿಗೆ ವಯಸ್ಸು ಕೊಟ್ಟಿತು. ಮರುತಿಂಗಳು ಪೊಲೀಸರ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ಹೊಸ ಕ್ಯಾಪು ಬಂತು. ಟೋಪಿ ಮಾತ್ರ ಈ ಇಲಾಖೆಯಲ್ಲಿ ತಡವಾಗುವುದಿಲ್ಲ.

ಬಿಕ್ಕೋಡಿನ ಟೀ ಅಂಗಡಿಗಳ ಮುಂದೆ ನಡೆಯುವ ಮಾತು ಹೀಗಿರುತ್ತದೆ:

“ಯಾವಾಗ್ಲಾ ಮಗ ಪೊಲೀಸ್ ಆಗೋದು?”

“ಕಾಲ್‌ಫಾರಂ ಬಿಟ್ಟಿಲ್ಲ ಕಣ್ ದೊಡ್ಡಪ್ಪ.”

“ಮತ್ಯಾಕ್ಲಾ ದಿನಾ ಓಡ್ತೀಯ?”

“ಬಿಟ್ಟ್ ಮೇಲೆ ಓಡಕ್ ಶುರು ಮಾಡುದ್ರೆ ಆಗಲ್ಲ ದೊಡ್ಡಪ್ಪ, ಉಸಿರು ಕಟ್ಟುತ್ತೆ.”

“ಅದೂ ಸರಿ. ನಮ್ ತೋಟುಕ್ ಬಾ, ಮೆಣಸು ಕುಯ್ಯೋರಿಲ್ಲ. ಉಸಿರು ಅಲ್ಲೇ ಬಿಡುವಂತೆ.”

ಹೆಣ್ಣುಮಕ್ಕಳಿಗೆ ಇಷ್ಟು ಮಾತೂ ಸಿಗುವುದಿಲ್ಲ. ಟ್ರ್ಯಾಕ್ ಪ್ಯಾಂಟ್ ಹಾಕಿ ರಸ್ತೆಗಿಳಿದರೆ “ಯಾರ ಮನೇದು?” ಎಂಬ ಒಂದೇ ಪ್ರಶ್ನೆ. ಹಾಗಾಗಿ ಅವರ ನಾನೂರು ಮೀಟರ್ ಶಾಲೆಯ ಕಾಂಪೌಂಡಿನೊಳಗೆ ಸುತ್ತಿ ಸುತ್ತಿ ಮುಗಿಯಬೇಕು. ಆ ಪ್ರಶ್ನೆ ಕೇಳಿದವರೇ ನಾಳೆ ಅವಳು ಪಿಎಸ್‌ಐ ಆಗಿ ಬಂದರೆ ನಮ್ಮೂರ ಹುಡುಗಿ ಎಂದು ಹಾರ ಹಿಡಿದು ನಿಂತಿರುತ್ತಾರೆ.

ಹಿಂದಿನ ಕಾಲದ ನೇಮಕಾತಿಯೇ ವಾಸಿ ಎನ್ನುವವರಿಗೆ ನಮ್ಮ ತಾಲ್ಲೂಕಿನಲ್ಲೇ ಪುರಾವೆ ಇದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಬಾಗಿಲಲ್ಲಿ ಮೃಗದೊಡನೆ ಸೆಣಸುತ್ತಿರುವ ಸಳನನ್ನು ನೋಡಿ. ಕಥೆಯ ಪ್ರಕಾರ ಗುರು ಕೂಗಿದರು, ಶಿಷ್ಯ ಹೊಡೆದ, ರಾಜ್ಯ ಸಿಕ್ಕಿತು. ಒಂದೇ ಐಟಂ, ಒಂದೇ ಅವಕಾಶ, ಫಲಿತಾಂಶ ಸ್ಥಳದಲ್ಲೇ. ಎದೆ ಅಳೆದ ಉಲ್ಲೇಖವಿಲ್ಲ. ಆದರೆ ಹಳೇಬೀಡಿಗೂ ಹೋಗಿ, ಹೊಯ್ಸಳೇಶ್ವರನ ಪಕ್ಕದ ಗರುಡಗಂಬವನ್ನೂ ನೋಡಿ ಬನ್ನಿ. ಎರಡನೇ ವೀರಬಲ್ಲಾಳನ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮನ ನೆನಪಿನ ಕಂಬ ಅದು. ದೊರೆ ಸತ್ತಾಗ ಅವನೂ ಅವನ ಹೆಂಡತಿಯೂ ಜೊತೆಗಿದ್ದ ಗರುಡರೆಂಬ ಅಂಗರಕ್ಷಕರೂ ಪ್ರಾಣ ಬಿಟ್ಟರು. ಕತ್ತಿಯಿಂದ ತಮ್ಮ ತಲೆಯನ್ನೇ ಕೊಯ್ದುಕೊಳ್ಳುವವರ ಶಿಲ್ಪ ಆ ಕಂಬದ ಮೇಲಿದೆ. ಪಿಂಚಣಿ ಸಮಸ್ಯೆಯನ್ನು ಹೊಯ್ಸಳರು ಬಗೆಹರಿಸಿದ್ದು ಹಾಗೆ. ಈಗ 2006ರ ಏಪ್ರಿಲ್ ನಂತರ ಸೇರಿದವರಿಗೆ ಎನ್‌ಪಿಎಸ್ ಇದೆ, ಅಷ್ಟರ ಮಟ್ಟಿಗೆ ಪ್ರಗತಿ ಆಗಿದೆ.

ಕೆಲಸ ಸಿಕ್ಕಿತೆಂದೇ ಇಟ್ಟುಕೊಳ್ಳಿ. 3.80 ಮೀಟರ್ ಜಿಗಿದವನು ಮಾಡುವುದೇನು? ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಬಂದೋಬಸ್ತಿಗೆ ಹೋದವರನ್ನು ಮಾತಾಡಿಸಿ. ನಿಜವಾದ ಫಿಸಿಕಲ್ ಅಲ್ಲಿದೆ. ಹಗ್ಗ ಹಿಡಿದು ಹಗಲೆಲ್ಲ ನಿಲ್ಲುವುದು, ಶೌಚಕ್ಕೆ ಹೋಗದಿರುವುದು, ವಿಐಪಿ ಪಾಸಿನವರಿಂದ “ನಾನ್ಯಾರು ಗೊತ್ತಾ” ಎಂದು ಬೈಸಿಕೊಂಡು ಎದೆಯನ್ನು 86ರಲ್ಲೇ ಇಟ್ಟುಕೊಳ್ಳುವುದು. ಆರ್ಡರ್ಲಿ ಪದ್ಧತಿ ಇದ್ದಾಗ ಅದೃಷ್ಟ ಕೆಟ್ಟವನಿಗೆ ಅದೂ ಇತ್ತು. ಆಗ ಓಟ ಇದ್ದೇ ಇತ್ತು, ಸಾಹೇಬರ ನಾಯಿಯ ಹಿಂದೆ. ರಜೆ, ಸಂಬಳದ ಸಿಟ್ಟಿಗೆ 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ಔರಾದ್ಕರ್ ಸಮಿತಿ, ವರದಿ, ಜಾರಿ ಎಂಬ ಇನ್ನೊಂದು ರಿಲೇ ಓಟ ಆಮೇಲೆ ವರ್ಷಗಟ್ಟಲೆ ನಡೆಯಿತು. ಅದಕ್ಕೂ ಯಾರೂ ಸ್ಟಾಪ್‌ವಾಚ್ ಹಿಡಿದಿರಲಿಲ್ಲ.

ಇನ್ನು, ಸೇರುವಾಗ ಇದ್ದ ಮೈ ಸೇರಿದ ಮೇಲೆ ಏನಾಯಿತು ಎಂದು ಕೇಳುವುದು ನಮ್ಮಲ್ಲಿ ಅಪರೂಪ. 2018ರಲ್ಲಿ ಕೆಎಸ್‌ಆರ್‌ಪಿಯಲ್ಲಿ ಹೊಟ್ಟೆ ಕರಗಿಸಿ ಎಂಬ ಆದೇಶ ಹೊರಟಿತ್ತು, ಪತ್ರಿಕೆಗಳಿಗೆ ಒಂದು ವಾರದ ನಗು ಒದಗಿಸಿತು. ಅಸ್ಸಾಂನಲ್ಲಿ 2023ರಲ್ಲಿ ಡಿಜಿಪಿಯಿಂದ ಹಿಡಿದು ಎಲ್ಲರ ತೂಕ, ಎತ್ತರ ಅಳೆಯಲು ಹೊರಟರು. ನಮ್ಮಲ್ಲಿ ಫಿಟ್‌ನೆಸ್ ಎಂದರೆ ಕೆಲಸ ಇಲ್ಲದವನಿಂದ ಕೇಳುವ ದಾಖಲೆ.

ನಗೆ ನಿಲ್ಲಿಸಿ ಒಂದು ಮಾತು. 2024ರಲ್ಲಿ ಜಾರ್ಖಂಡ್ ಅಬಕಾರಿ ಕಾನ್‌ಸ್ಟೆಬಲ್ ಹುದ್ದೆಗೆ ಹತ್ತು ಕಿ.ಮೀ. ಓಡಿಸಿದರು. ಹತ್ತಕ್ಕೂ ಹೆಚ್ಚು ಹುಡುಗರು ಸತ್ತರು. ವರ್ಷಗಟ್ಟಲೆ ಕಾದವನು ಅವತ್ತು ಸುಸ್ತೆಂದು ಕೂರುವುದಿಲ್ಲ, ಕೂತರೆ ಮುಂದಿನ ಅಧಿಸೂಚನೆ ಯಾವ ಜನ್ಮಕ್ಕೋ. ಅವರನ್ನು ಆ ಸ್ಥಿತಿಗೆ ತಂದದ್ದರಲ್ಲಿ ಓಟದಷ್ಟೇ ಪಾಲು ಕಾಯುವಿಕೆಗೂ ಇದೆ.

ಆದ್ದರಿಂದ ಗೃಹ ಇಲಾಖೆಗೆ ಈ ಅಂಕಣದ ಮೂಲಕ ಒಂದು ಅರ್ಜಿ. ಶುಲ್ಕ ಎಷ್ಟೆಂದು ತಿಳಿಸಿದರೆ ಚಲನ್ ಕಟ್ಟುತ್ತೇನೆ. ಮುಂದಿನ ಅಧಿಸೂಚನೆಯಲ್ಲಿ ಅಭ್ಯರ್ಥಿಯ ಓಟದ ಕೆಳಗೆ ಇಲಾಖೆಯ ಓಟಕ್ಕೂ ಒಂದು ಸಾಲು ಸೇರಿಸಿ: ಅರ್ಜಿ ಕರೆದ ದಿನದಿಂದ ನೇಮಕಾತಿ ಆದೇಶದವರೆಗೆ ಹನ್ನೆರಡು ತಿಂಗಳು. ತಪ್ಪಿದರೆ ಅನರ್ಹ. ಬೇಕಾದರೆ ಉದ್ದ ಜಿಗಿತಕ್ಕೆ ಕೊಡುವ ಹಾಗೆ ಮೂರು ಅವಕಾಶ ತೆಗೆದುಕೊಳ್ಳಿ, ನಮ್ಮ ಹುಡುಗರ ಆಕ್ಷೇಪಣೆ ಇಲ್ಲ.