ಹೋಳಿಗೆಯ ಹೊಸ ವಿಳಾಸ

ನನ್ನ ಹೆಂಡತಿಯ ಹೋಳಿಗೆಗೆ ಹನ್ನೆರಡು ವರ್ಷ 47 ಎಂದು ಹೆಸರಿತ್ತು. ಹಾಗಲಕಾಯಿ ಗೊಜ್ಜಿಗೆ 74. ಅಕ್ಕಿ ರೊಟ್ಟಿಗೆ 12, ಮೈಸೂರು ಪಾಕಿಗೆ 103. ಬ್ಯಾಂಕಿನ ಕೌಂಟರಿನಲ್ಲಿ ಕೂತು ಮೂವತ್ತು ವರ್ಷ ಮನುಷ್ಯರನ್ನೇ ಖಾತೆ ನಂಬರಿನಿಂದ ಗುರುತಿಸಿದವನಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಅವಳ ಅಡುಗೆಗಳನ್ನೆಲ್ಲ ಸೇರಿಸಿ ಒಂದು ವೆಬ್‌ಸೈಟು ಮಾಡಿಕೊಟ್ಟಾಗ, ಪುಕ್ಕಟೆ ಸಿಕ್ಕಿದ ಸಾಫ್ಟ್‌ವೇರು ತಾನಾಗಿಯೇ ಒಂದೊಂದಕ್ಕೆ ಒಂದೊಂದು ಸಂಖ್ಯೆ ಕೊಟ್ಟುಕೊಂಡು ಹೋಗಿತ್ತು. ನಾನೂ ಸುಮ್ಮನಿದ್ದೆ.

ಎಡವಟ್ಟಾದದ್ದು ಅವಳು ಚಿಕ್ಕಮ್ಮನ ಮಗಳಿಗೆ ಫೋನಿನಲ್ಲಿ ವಿಳಾಸ ಹೇಳಲು ಹೊರಟ ದಿನ.

“ಇಂಡೆಕ್ಸು... ಚುಕ್ಕಿ... ಪಿ, ಎಚ್, ಪಿ... ಆಮೇಲೆ ಪ್ರಶ್ನಾರ್ಥಕ ಚಿಹ್ನೆ. ಏನು ಪ್ರಶ್ನೆ ಅಂದ್ರೆ? ನಾನೇನೂ ಕೇಳ್ತಿಲ್ಲ ಕಣೇ, ಚಿಹ್ನೆ ಹಾಕು ಅಂತಿದೀನಿ. ಐಡಿ. ಈಕ್ವಲ್ ಟು. ನಲವತ್ತೇಳು.”

ಹತ್ತು ನಿಮಿಷ ಹೀಗೆ ನಡೆಯಿತು. ಕೊನೆಗೆ ಕಣಕದ ಹದದಿಂದ ಹೂರಣ ರುಬ್ಬುವ ತನಕ ಎಲ್ಲವನ್ನೂ ಬಾಯಲ್ಲೇ ಹೇಳಿ ಫೋನಿಟ್ಟಳು. ಇಟ್ಟವಳು ನನ್ನ ಕಡೆ ತಿರುಗಿದಳು.

“ರೀ, ಜೈಲಲ್ಲಿ ಕೈದಿಗಳಿಗೆ ಕೊಟ್ಟ ಹಾಗೆ ನನ್ನ ಹೋಳಿಗೆಗೆ ನಂಬರ್ ಯಾಕೆ ಕೊಟ್ಟಿದೀರಿ? ಅದಕ್ಕೊಂದು ಹೆಸರಿಲ್ವಾ?”

ಹೆಸರಿಡುವುದೇನೂ ಕಷ್ಟವಲ್ಲ. ಹಳೆಯ ಹೆಸರು ಹಿಡಿದುಕೊಂಡು ಬಂದವರಿಗೆ ದಾರಿ ತೋರಿಸುವುದು ಕಷ್ಟ. ಸಾಗರದಲ್ಲಿರುವ ನಮ್ಮ ಅತ್ತೆ 47ರ ವಿಳಾಸವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ತಗುಲಿಸಿದ್ದಾರೆ. ಗೂಗಲ್ಲಿಗೆ ಗೊತ್ತಿರುವುದೂ ಆ 47 ಒಂದೇ. ವೆಬ್ಬನ್ನು ಹುಟ್ಟಿಸಿದ ಟಿಮ್ ಬರ್ನರ್ಸ್ ಲೀ 1998ರಲ್ಲೇ ಒಂದು ಲೇಖನ ಬರೆದು, ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬಾರದೆಂದು ಬುದ್ಧಿ ಹೇಳಿದ್ದಾರೆ. ಸರಿಯಾದ ಮಾತೇ. ಆದರೆ ಅವರು ನಮ್ಮಾಕೆಗೆ ಉತ್ತರ ಹೇಳಬೇಕಾಗಿರಲಿಲ್ಲ.

ಇಂಥ ಸಂಕಟಕ್ಕೆ ಸರ್ವರಿನಲ್ಲಿ ಎರಡು ಉಪಾಯಗಳಿವೆ. ಒಂದು ರೀಡೈರೆಕ್ಟ್, ಇನ್ನೊಂದು ರಿರೈಟ್. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಕಾಫಿಪುಡಿಯಿಂದ. ಮನೆಗೆ ಯಾರೋ ಬಂದಿದ್ದಾರೆ, ಡಬ್ಬದಲ್ಲಿ ಪುಡಿ ಮುಗಿದಿದೆ ಅನ್ನಿ. “ನಮ್ಮಲ್ಲಿ ಕಾಫಿ ಇಲ್ಲ, ಎದುರುಮನೆಗೆ ಹೋಗಿ, ಅಲ್ಲಿ ಕೊಡ್ತಾರೆ” ಎಂದರೆ ರೀಡೈರೆಕ್ಟ್. ಬಂದವರು ಚಪ್ಪಲಿ ಮೆಟ್ಟಿಕೊಂಡು ತಾವೇ ಎದ್ದು ಹೋಗಬೇಕು. ಈಗ ತಾವು ಯಾರ ಮನೆಯಲ್ಲಿದ್ದೇವೆಂಬುದು ಅವರಿಗೂ ಗೊತ್ತು. ಹಾಗಲ್ಲದೆ, “ಕೂತಿರಿ, ಎರಡೇ ನಿಮಿಷ” ಎಂದು ನಗುನಗುತ್ತ ಒಳಗೆ ಹೋಗಿ, ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ನುಗ್ಗಿ, ಒಂದು ಲೋಟ ಪುಡಿ ಕಡ ತಂದು, ನಮ್ಮದೇ ಕಾಫಿ ಎಂಬಂತೆ ತಂದುಕೊಟ್ಟರೆ ಅದು ರಿರೈಟ್. ಬಂದವರು ಕೂತ ಕುರ್ಚಿ ಬಿಟ್ಟು ಅಲ್ಲಾಡಿಲ್ಲ. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ಅಕ್ಷರವೂ ಬದಲಾಗಿಲ್ಲ. ಹಿತ್ತಲಲ್ಲಿ ಏನು ನಡೆಯಿತೆಂಬುದು ಮನೆಯವರಿಗೆ ಮಾತ್ರ ಗೊತ್ತು.

ನಮಗೆ ಎರಡೂ ಬೇಕಿತ್ತು. 47 ಎಂದು ಬಂದವರನ್ನು ಹೋಳಿಗೆ ಎಂಬ ಹೊಸ ಬಾಗಿಲಿಗೆ ಕಳಿಸಬೇಕು. ಹೋಳಿಗೆ ಎಂದು ಬಂದವರಿಗೆ ಒಳಗಿನಿಂದ ಗುಟ್ಟಾಗಿ 47ನ್ನೇ ತಂದು ಬಡಿಸಬೇಕು. ಏಕೆಂದರೆ ಆ ಸಾಫ್ಟ್‌ವೇರಿಗೆ ಇವತ್ತಿಗೂ ನಂಬರ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ರೈಲ್ವೆಯವರು ಮಾಡಿರುವುದೂ ಇದನ್ನೇ. ಹುಬ್ಬಳ್ಳಿ ನಿಲ್ದಾಣದ ಮೇಲಿನ ಹೆಸರು ಎಷ್ಟು ಸಲ ಬದಲಾದರೂ ಒಳಗಿನ ಕೋಡು ಮಾತ್ರ ಹಳೆಯ ಯುಬಿಎಲ್.

ಹೆಸರೇನೋ ಕನ್ನಡದಲ್ಲೇ ಇಡೋಣ ಎಂದಳು. ಇಟ್ಟೆವು. ಬ್ರೌಸರಿನಲ್ಲಿ ಚೆನ್ನಾಗಿಯೇ ಕಂಡಿತು. ಅದನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದಾಗ ಬಣ್ಣ ಬಯಲಾಯಿತು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಅದರ ಕೊಂಬು, ಗುಡಿಸು, ದೀರ್ಘಗಳಿಗೂ ಕಂಪ್ಯೂಟರಿನೊಳಗೆ ತಲಾ ಮೂರು ಬೈಟು; ಬೈಟೊಂದಕ್ಕೆ ಒಂದು ಪರ್ಸೆಂಟ್ ಚಿಹ್ನೆ ಮತ್ತು ಎರಡು ಅಕ್ಷರ. ಹೀಗೆ ಲೆಕ್ಕ ಹಾಕಿದರೆ ಹೋಳಿಗೆ ಎಂಬ ಮೂರಕ್ಷರದ ಪದಾರ್ಥ 54 ಚಿಹ್ನೆಗಳಷ್ಟು ಉದ್ದಕ್ಕೆ ಹಿಗ್ಗಿತ್ತು. ಹಾಗಲಕಾಯಿ ಗೊಜ್ಜು, ನಡುವಿನ ಅಡ್ಡಗೆರೆಯೂ ಸೇರಿ, 127. ಅಷ್ಟೊಂದು ಪರ್ಸೆಂಟುಗಳನ್ನು ನಾನು ಸಾಲದ ವಿಭಾಗದಲ್ಲಿದ್ದಾಗಲೂ ಒಟ್ಟಿಗೆ ನೋಡಿರಲಿಲ್ಲ.

ಅದಾದರೂ ಹೋಗಲಿ, ಮೈಸೂರು ಪಾಕ್ ಎಂದು ಬರೆದ ವಿಳಾಸ ನನ್ನ ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಅವಳು ಟೈಪು ಮಾಡಿದರೆ ತೆರೆಯುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ಹಾಕಿ, ಕನ್ನಡಕ ತೆಗೆದು ನೋಡಿದ್ದಾಯಿತು. ತದ್ರೂಪು. ಮೂರನೆಯ ದಿನ ತಿಳಿಯಿತು, ಅವಳ ಕೀಬೋರ್ಡು ಕೊನೆಯ ಅರ್ಧಾಕ್ಷರದ ಹಿಂದೆ ‘ಮುಂದಿನದರ ಜೊತೆ ಕೂಡಿಕೊಳ್ಳಬೇಡ’ ಎಂದು ಹೇಳುವ ಒಂದು ಅಕ್ಷರವನ್ನು ಸೇರಿಸುತ್ತಿತ್ತು. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ, ಕಣ್ಣಿಗೆ ಕಾಣುವುದಿಲ್ಲ. ನಿರ್ಗುಣ ನಿರಾಕಾರವೆಂದು ಹರಿಕಥೆಯಲ್ಲಿ ಕೇಳಿದ್ದೆ. ಕೀಬೋರ್ಡಿನಲ್ಲಿ ಸಿಗುತ್ತದೆಂದು ಗೊತ್ತಿರಲಿಲ್ಲ. ಸರ್ವರಿಗೆ ಮಾತ್ರ ಅದು ಚೆನ್ನಾಗಿ ಕಾಣುತ್ತದೆ. ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಹೆಸರು ಬರೆಯುವುದೆಂದು ರಾಜಿಯಾಯಿತು.

ಈಗ ನಿಯಮ ಬರೆಯಬೇಕು. ನಮ್ಮದು ಅಪಾಚೆ ಸರ್ವರು. ಅದರಲ್ಲಿ ವಿಳಾಸ ತಿರುಚುವ ಯಂತ್ರವನ್ನು ರಾಲ್ಫ್ ಎಂಗೆಲ್‌ಶಾಲ್ ಎಂಬವರು 1996ರಲ್ಲಿ ಬರೆದು, ಮರುವರ್ಷ ಅಪಾಚೆಯವರಿಗೆ ದಾನ ಕೊಟ್ಟರು. ಅದರ ಕೈಪಿಡಿಯ ಆರಂಭದಲ್ಲೇ, ಇಷ್ಟೆಲ್ಲ ವಿವರಣೆ ಕೊಟ್ಟ ಮೇಲೂ ಇದು ಮಾಟಮಂತ್ರವೇ ಎಂಬರ್ಥದ ಮಾತೊಂದನ್ನು ಬಹಳ ಕಾಲ ಅಚ್ಚು ಹಾಕಿಕೊಂಡಿದ್ದರು. ಔಷಧದ ಚೀಟಿಯ ಮೇಲೆ ವೈದ್ಯರೇ ‘ದೇವರ ದಯೆ’ ಎಂದು ಬರೆದುಕೊಟ್ಟ ಹಾಗೆ.

ನಿಯಮಗಳೆಲ್ಲ ಎಚ್‌ಟಿ ಆಕ್ಸೆಸ್ ಎಂಬ ಕಡತದಲ್ಲಿರುತ್ತವೆ. ಅದರ ಹೆಸರಿನ ಮುಂದೆ ಒಂದು ಚುಕ್ಕಿ. ಚುಕ್ಕಿ ಇದ್ದರೆ ಕಡತ ಸಾಮಾನ್ಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದು ಕೆಟ್ಟ ಕಣ್ಣು ಬೀಳದಿರಲಿ ಎಂದು. ಇಲ್ಲಿ ಯಾವ ಕಣ್ಣೂ ಬೀಳುವುದಿಲ್ಲ, ಯಜಮಾನನದೂ ಸೇರಿದಂತೆ. ಆ ಕಡತ ಎಲ್ಲೂ ಇಲ್ಲವೆಂದು ನಾನು ಒಂದು ಮಧ್ಯಾಹ್ನವಿಡೀ ಹುಡುಕಿದ್ದೇನೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ನನ್ನ ತಂಗಿಯ ಮಗನಿಗೆ ಫೋನು ಮಾಡಿದೆ.

“ಮಾವ, ಮೊದಲು ಟೊಪ್ಪಿ ಹಾಕಿ.”

“ಯಾರಿಗೆ?”

“ನಿಯಮದ ಶುರುವಿಗೆ, ಆ ಟೊಪ್ಪಿ ಚಿಹ್ನೆ. ಕೊನೆಗೆ ಡಾಲರ್. ಆಮೇಲೆ ಚೌಕ ಬ್ರಾಕೆಟ್ಟಿನಲ್ಲಿ ಆರ್ ಈಕ್ವಲ್ ಟು 301, ಕಾಮ, ಎಲ್. ಎಲ್ ಹಾಕಿದ್ರಾ?”

“ಎಲ್ಲಿ?”

“ಎಲ್ ಮಾವ, ಎಲ್ಲಿ ಅಲ್ಲ.”

“ಅದೇ, ಎಲ್ ಎಲ್ಲಿ?”

ಅವನ ಮೀಟಿಂಗು ಶುರುವಾಯಿತಂತೆ.

ಒಬ್ಬನೇ ಕೂತು ಎರಡು ದಿನ ಬರೆದೆ. ಯಾವ ನಿಯಮವೂ ತಗುಲಲಿಲ್ಲ. ಕೈಪಿಡಿಯನ್ನು ಮತ್ತೆ ಓದಿದಾಗ ಗೊತ್ತಾಯಿತು: ರಿರೈಟ್ ರೂಲಿನ ದೃಷ್ಟಿ ಪ್ರಶ್ನಾರ್ಥಕ ಚಿಹ್ನೆಯ ತನಕ ಮಾತ್ರ ಹೋಗುತ್ತದೆ. ಅದರಾಚೆಗಿನ ಐಡಿ, ಈಕ್ವಲ್ ಟು, 47 ಯಾವುದೂ ಅದಕ್ಕೆ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ರಿರೈಟ್ ಕಂಡಿಷನ್ ಎಂಬ ಇನ್ನೊಂದು ಸಾಲನ್ನು ಅದರ ಮೇಲೆ ಕೂರಿಸಬೇಕು. ಅಂದರೆ ಅಡುಗೆಯೊಂದಕ್ಕೆ ಎರಡೆರಡು ಸಾಲು. ಬರೆದೆ.

ಬರೆದು ಉಳಿಸಿ ಹೋಳಿಗೆ ತೆರೆದರೆ, ಪುಟವನ್ನು ಹಲವು ಸಲ ಅತ್ತಿಂದಿತ್ತ ಕಳಿಸಲಾಗಿದೆ, ಇನ್ನು ನನ್ನಿಂದಾಗದು ಎಂದು ಬ್ರೌಸರು ಕೈಚೆಲ್ಲಿತು. ಕ್ರೋಮು, ಫೈರ್‌ಫಾಕ್ಸು ಎರಡೂ ಇಪ್ಪತ್ತು ಸಲ ಅಲೆಯುವ ತನಕ ತಾಳಿಕೊಳ್ಳುತ್ತವೆ. ನನಗೆ ಈ ಅಲೆದಾಟ ಹೊಸದಲ್ಲ. ಆರನೇ ಕ್ಲಾಸಿನಲ್ಲಿ ಜೋಗದ ಪ್ರವಾಸಕ್ಕೆ ದುಡ್ಡು ಬೇಕಿತ್ತು. ಅಮ್ಮ “ಅಪ್ಪನ್ನ ಕೇಳು” ಅಂದಳು. ಅಪ್ಪ ಪೇಪರಿನಿಂದ ತಲೆಯೆತ್ತದೆ “ನಿಮ್ಮಮ್ಮನ್ನ ಕೇಳು” ಅಂದರು. ಜಗಲಿಗೂ ಅಡುಗೆಮನೆಗೂ ನಡುವೆ ನಾನು ಎಷ್ಟು ಸಲ ಓಡಾಡಿದೆನೋ ಲೆಕ್ಕವಿಟ್ಟಿಲ್ಲ, ಇಪ್ಪತ್ತಕ್ಕೆ ಕಡಿಮೆಯಂತೂ ಇಲ್ಲ. ಬಸ್ಸು ಹೊರಟುಹೋಯಿತು.

ಇಲ್ಲೂ ಹಾಗೇ ಆಗಿತ್ತು. ಮುಂಬಾಗಿಲಿನ ನಿಯಮ ಹೋಳಿಗೆಯನ್ನು ಒಳಗೆ 47ಕ್ಕೆ ಒಯ್ಯುತ್ತಿತ್ತು. ಒಳಗಿದ್ದ ನಿಯಮ “ಓ, 47ಆ? ಹೋಳಿಗೆಗೆ ಹೋಗಿ” ಎಂದು ಮತ್ತೆ ಹೊರಗೆ ಅಟ್ಟುತ್ತಿತ್ತು. ಇದನ್ನು ತಡೆಯಲೆಂದೇ ಅಲ್ಲವೇ ಎಲ್ ಹಾಕಿದ್ದು? ಎಲ್ ಎಂದರೆ ಲಾಸ್ಟ್, ಇಲ್ಲಿಗೆ ಮುಗಿಯಿತು ಎಂದು. ಆದರೆ ಈ ಚುಕ್ಕಿ ಕಡತದೊಳಗೆ ಎಲ್ ಎಂದರೆ ಆ ಸುತ್ತು ಮುಗಿಯಿತು ಎಂದಷ್ಟೇ. ವಿಳಾಸ ಬದಲಾಗಿದ್ದರೆ ಸರ್ವರು ಮತ್ತೆ ಮೊದಲ ಸಾಲಿನಿಂದ ಓದಲು ಶುರುಮಾಡುತ್ತದೆ. ನಮ್ಮ ಸಭೆಗಳಲ್ಲಿ ಅಧ್ಯಕ್ಷರು “ಕೊನೆಯದಾಗಿ ಒಂದು ಮಾತು” ಎನ್ನುತ್ತಾರಲ್ಲ, ಆ ಜಾತಿಯ ಕೊನೆ. ಅಧ್ಯಕ್ಷರು ನೀರು ಕುಡಿದು ಮುಂದುವರಿಸುತ್ತಾರೆ. ಅಪಾಚೆಯವರಿಗೂ ಇದು ಗೊತ್ತಾಗಿರಬೇಕು, 2.4ನೇ ಆವೃತ್ತಿಯ ಹೊತ್ತಿಗೆ ಎಂಡ್ ಎಂಬ ಇನ್ನೊಂದು ಕೊನೆಯನ್ನು ತಂದರು. ಅದು ವಂದನಾರ್ಪಣೆ. ಅದಾದ ಮೇಲೆ ಮೈಕು ನಿಜಕ್ಕೂ ಆಫ್.

ಟೊಪ್ಪಿ ಮತ್ತು ಡಾಲರಿನ ಬೆಲೆ ತಿಳಿದದ್ದು ಮಾತ್ರ ರೊಟ್ಟಿಯಿಂದ. 12ಕ್ಕೆ ಮೊದಲು ಬರೀ ‘ರೊಟ್ಟಿ’ ಎಂದು ಹೆಸರಿಟ್ಟಿದ್ದೆ. “ಯಾವ ರೊಟ್ಟಿ? ಜೋಳದ್ದಾ, ರಾಗೀದಾ?” ಎಂದು ಆಕ್ಷೇಪಣೆ ಬಂತು. ‘ಅಕ್ಕಿರೊಟ್ಟಿ’ ಎಂದು ಮಾಡಿ, ರೊಟ್ಟಿ ಕೇಳಿದವರನ್ನು ಅಕ್ಕಿರೊಟ್ಟಿಗೆ ಕಳಿಸು ಎಂದು ಅವಸರದಲ್ಲಿ ಒಂದು ಸಾಲು ಬರೆದೆ. ಟೊಪ್ಪಿಯೂ ಇಲ್ಲ, ಡಾಲರೂ ಇಲ್ಲ. ಟೊಪ್ಪಿ ಎಂದರೆ ‘ಹೆಸರು ಇಲ್ಲಿಂದಲೇ ಶುರುವಾಗಬೇಕು’, ಡಾಲರ್ ಎಂದರೆ ‘ಇಲ್ಲಿಗೇ ಮುಗಿಯಬೇಕು’. ಅವೆರಡೂ ಇಲ್ಲದ ಮೇಲೆ ರೊಟ್ಟಿ ಎಂಬ ಸದ್ದು ಎಲ್ಲಿ ಕೇಳಿದರೂ ನಿಯಮ ಹಾರಿ ಬಂತು. ಜೋಳದ ರೊಟ್ಟಿ ಕೇಳಿದ ಧಾರವಾಡದವರಿಗೆ ಅಕ್ಕಿರೊಟ್ಟಿಯ ದಾರಿ ತೋರಿಸಿತು. ಅಕ್ಕಿರೊಟ್ಟಿಯೊಳಗೂ ರೊಟ್ಟಿ ಇದೆಯಲ್ಲ, ಅದನ್ನೂ ಹಿಡಿದು ಅಕ್ಕಿರೊಟ್ಟಿಗೇ ಕಳಿಸಿತು. ಮತ್ತೆ ಇಪ್ಪತ್ತು ಸುತ್ತು.

ಸರ್ಕಾರ 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ತಿದ್ದಿತಲ್ಲ, ಆ ಕೆಲಸವನ್ನು ನನ್ನಂಥವನಿಗೆ ವಹಿಸಿದ್ದರೆ ಏನಾಗುತ್ತಿತ್ತೆಂದು ಆಗಾಗ ಯೋಚಿಸುತ್ತೇನೆ. ಬಿಜಾಪುರ ಎಂದು ಕಂಡಲ್ಲೆಲ್ಲ ವಿಜಯಪುರ ಮಾಡು ಎಂದು ಒಂದೇ ಸಾಲು ಬರೆದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ. ಛತ್ತೀಸಗಢದ ಬಿಜಾಪುರ ಜಿಲ್ಲೆಯವರು ಬೆಳಿಗ್ಗೆ ಏಳುವಷ್ಟರಲ್ಲಿ ಗೋಳಗುಮ್ಮಟದ ಎದುರಿಗಿರುತ್ತಿದ್ದರು. ಯಾರ ತಂಟೆಗೂ ಹೋಗದೆ ಮೊದಲಿನಿಂದಲೂ ಅದೇ ಹೆಸರಿಟ್ಟುಕೊಂಡಿದ್ದ ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಅವರೆಲ್ಲರ ಟಪಾಲು ಬಂದು ಬೀಳುತ್ತಿತ್ತು.

ಇನ್ನು 301. ಈ ಸಂಖ್ಯೆಗಳನ್ನು ಬ್ಯಾಂಕಿನವರಿಗೆ ಹೇಳಿಕೊಡಬೇಕಾಗಿಲ್ಲ. 301 ಎಂದರೆ ಕಾಯಂ ವರ್ಗಾವಣೆ. ಸಂಸಾರ, ಸಾಮಾನು, ರೇಷನ್ ಕಾರ್ಡು ಎಲ್ಲ ಹೊಸ ಊರಿಗೆ. 302 ಎಂದರೆ ಡೆಪ್ಯುಟೇಷನ್. ಇವತ್ತು ಅಲ್ಲಿ, ನಾಳೆ ವಾಪಸು ಬಂದರೂ ಬಂದೆ. 404 ಎಂದರೆ ಆ ಹೆಸರಿನವರು ಈ ಶಾಖೆಯಲ್ಲಿ ಯಾರೂ ಇಲ್ಲ. 410 ಎಂದರೆ ಇದ್ದರು, ಹೋದರು, ಇನ್ನು ಬರುವುದಿಲ್ಲ, ಬೋರ್ಡಿಗೆ ಹಾರ ಹಾಕಿದೆ. ನಿಯಮ ಸರಿಯಾಗಿದೆ ಎಂದು ಖಾತ್ರಿಯಾಗುವ ತನಕ 302 ಇಟ್ಟು ನೋಡಬೇಕು, ಆಮೇಲಷ್ಟೇ 301 ಮಾಡಬೇಕು. ಇದು ನನಗೆ ಈಗ ಗೊತ್ತು.

ಆಗ ಗೊತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಮೊದಲೇ ಕಾಯಂ ಮಾಡಿದೆ. ಮಾಡುವಾಗ 47 ಮತ್ತು 74 ಅದಲುಬದಲಾದವು. ಬ್ಯಾಂಕಿನಲ್ಲಿ ಇದೇ ತಪ್ಪಿಗೆ ಒಮ್ಮೆ ರಾತ್ರಿ ಒಂಬತ್ತರ ತನಕ ಟ್ಯಾಲಿ ಹುಡುಕಿದವನು ನಾನು. ಒಂದೇ ಗಂಟೆಯಲ್ಲಿ ಕಣ್ಣಿಗೆ ಬಿತ್ತು, ತಿದ್ದಿದೆ. ಊರಿಗೆಲ್ಲ ಹೋಳಿಗೆ ಒತ್ತಿದರೆ ಹೋಳಿಗೆಯೇ ಬಂತು. ಆದರೆ ಅದೇ ಒಂದು ಗಂಟೆಯಲ್ಲಿ ಸಾಗರದಲ್ಲಿ ಅತ್ತೆಯವರು, ಮನೆಗೆ ಬಂದಿದ್ದ ಪಕ್ಕದ ಮನೆಯವರಿಗೆ “ನಮ್ಮ ಮಗಳು ನನ್ನ ಹೋಳಿಗೆನ ಇಂಟರ್‌ನೆಟ್ಟಿಗೆ ಹಾಕಿದಾಳೆ ನೋಡಿ” ಎಂದು ಗೋಡೆಯ ಮೇಲಿನ 47ನ್ನು ಫೋನಿನಲ್ಲಿ ಒತ್ತಿ ತೋರಿಸಿದ್ದರು. ಬಂದದ್ದು ಹಾಗಲಕಾಯಿ.

ಕಾಯಂ ಎಂದು ಒಮ್ಮೆ ಹೇಳಿಸಿಕೊಂಡ ಬ್ರೌಸರು ಅದನ್ನು ನೆನಪಿಟ್ಟುಕೊಳ್ಳುತ್ತದೆ; ಮುಂದಿನ ಸಲ ನಮ್ಮ ಸರ್ವರನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ನಾನಿಲ್ಲಿ ಎಷ್ಟು ತಿದ್ದಿದರೂ ಆ ಫೋನಿಗೆ ಗೊತ್ತಾಗುವಂತಿಲ್ಲ. “ಕ್ಯಾಶ್ ಕ್ಲಿಯರ್ ಮಾಡಿಸಿ ಮಾವ, ಅಷ್ಟೇ” ಎಂದ ತಂಗಿಯ ಮಗ. ಸಾಗರಕ್ಕೆ ಫೋನು ಮಾಡಿ ಅತ್ತೆಯವರಿಗೆ ಮೆತ್ತಗೆ, “ಏನಿಲ್ಲ, ಸ್ವಲ್ಪ ಕ್ಯಾಶ್ ತೆಗೀಬೇಕಿತ್ತು” ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ.

“ಫೋನಿನಲ್ಲಿ ಕ್ಯಾಶ್ ಕೇಳಿದ್ರೆ ಯಾರೇ ಆದ್ರೂ ಇಟ್ಟುಬಿಡು ಅಂತ ಮೊಮ್ಮಗ ಹೇಳಿದಾನೆ” ಎಂದು ಇಟ್ಟೇಬಿಟ್ಟರು.

ಯುಗಾದಿಗೆ ಹೇಗೂ ಹೋಗುವುದಿತ್ತು. ನಾನೇ ಸರಿಮಾಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟೆ. ಹೋದೆವು. ಬೆಳಗಿನ ಪೂಜೆ, ಪಂಚಾಂಗ, ಬೇವು ಬೆಲ್ಲ ಎಲ್ಲ ಮುಗಿದು ಎಲೆ ಹಾಕಿದರು. ಉಪ್ಪು, ಕೋಸಂಬರಿ, ಪಲ್ಯ ಬಂತು. ಒಳಗಿನಿಂದ ಕಾಯಿಸಿದ ತುಪ್ಪದ ಪರಿಮಳ. ಹೋಳಿಗೆಗೆಂದು ಎಲೆಯಲ್ಲಿ ಜಾಗ ಬಿಟ್ಟುಕೊಂಡು ಕೂತೆ. ಅತ್ತೆಯವರು ಸೌಟು ಹಿಡಿದು ಬಂದು ಆ ಜಾಗಕ್ಕೆ ಸರಿಯಾಗಿ ಹಾಗಲಕಾಯಿ ಗೊಜ್ಜು ಬಡಿಸಿದರು.

“ಹೋಳಿಗೆ...?” ಎಂದೆ.

“ಹೋಳಿಗೆ ಕೇಳಿದ್ರೆ ಇದೇ ಅಲ್ವಾ ಬರೋದು, ಅಳಿಯಂದಿರೇ?”