ಮಸರಕಲ್ ಮಾಪನ: ಪೋರ್ಟ್ ತೀಡಿಸಿದ ಯೆಜ್ಡಿಯ ಅಶ್ವಶಕ್ತಿ ಕುರಿತು ಒಂದು ಶಾಸ್ತ್ರವಿಚಾರ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೋಟಾರ್‌ಸೈಕಲ್ ಮಾಡಿತು. ಅದರ ಯೆಜ್ಡಿ ರೋಡ್‌ಕಿಂಗ್‌ಗೆ 250 ಸಿಸಿ, 16 ಎಚ್‌ಪಿ ಎಂದು ಕಂಪನಿಯೇ ಬರೆದುಕೊಟ್ಟಿತ್ತು. ದೇವದುರ್ಗ ತಾಲೂಕಿನ ಮಸರಕಲ್ಲಿನ ರೋಡ್‌ಕಿಂಗೊಂದು ಮಾತ್ರ, ಅದರ ಯಜಮಾನನ ಪ್ರಕಾರ, 25 ಎಚ್‌ಪಿಯದು. ಹೆಚ್ಚಿನ ಒಂಬತ್ತು ಕುದುರೆಗಳು ಎಲ್ಲಿಂದ ಬಂದವು, ಏನು ಮೇಯುತ್ತಿವೆ ಎಂಬುದೇ ಈ ಪ್ರಬಂಧದ ಜಿಜ್ಞಾಸೆ.

ಮೊದಲು ಎಂಜಿನ್ನಿಗೆ ಆದ ಸಂಸ್ಕಾರಗಳು. ಪೋರ್ಟುಗಳನ್ನು ಅರ ಹಾಕಿ ತೀಡಿಸಲಾಗಿದೆ. ಹೆಡ್ಡನ್ನು ಲೇತ್‌ಗೆ ಕೊಟ್ಟು ಕೂದಲೆಳೆಯಷ್ಟು ತೆಗೆಸಿ ಕಂಪ್ರೆಷನ್ ಏರಿಸಲಾಗಿದೆ. ಎರಡೂ ಸೈಲೆನ್ಸರುಗಳ ಒಳಗಿನ ಜಾಲರಿ ಗುಜರಿ ಸೇರಿದೆ. ಮೊದಲೆರಡರಿಂದ ಶಕ್ತಿ ತುಸು ಹೆಚ್ಚಿದ್ದೀತು. ಮೂರನೆಯದರ ಬಗ್ಗೆ ನಮ್ಮ ತಕರಾರಿದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರಿನಿಂದ ಮರಳುವ ಒತ್ತಡದ ಅಲೆ, ಸುಡದೆಯೇ ಹೊರಬೀಳಲು ಹೊರಟ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಒಳಗಿನದನ್ನು ಕಿತ್ತರೆ ಆ ಅಲೆಯ ಹೊತ್ತು ತಪ್ಪುತ್ತದೆ. ಸದ್ದು ಏರುತ್ತದೆ, ಶಕ್ತಿ ಎಷ್ಟೋ ಸಲ ಇಳಿಯುತ್ತದೆ. ಇದನ್ನು ಯಜಮಾನನಿಗೆ ವಿವರಿಸಲು ಹೋದೆವು. ಆತ ಎಕ್ಸಲೇಟರ್ ತಿರುವಿದ. ನಮ್ಮ ಮಾತು ನಮಗೇ ಕೇಳಿಸಲಿಲ್ಲ. ತರ್ಕಶಾಸ್ತ್ರದವರು ಇದನ್ನು ಶಬ್ದಪ್ರಮಾಣ ಎನ್ನುತ್ತಾರೆ.

ಇನ್ನು ಅನುಮಾನಪ್ರಮಾಣ. "ರಾಯಚೂರು ರೋಡಿನ್ಯಾಗ ನೂರಾ ನಲವತ್ತು ಹೊಡ್ದೀನ್ರಿ ಸರ" ಎಂಬುದು ಹೇಳಿಕೆ. ಗಾಳಿಯನ್ನು ಸೀಳಿ ಹೋಗಲು, ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು ಬೇಕು. ಬೆನ್ನು ನೆಟ್ಟಗಿಟ್ಟು, ಟವಲ್ಲು ಹಾರಿಸುತ್ತ ಕೂತವನನ್ನು 140ರಲ್ಲಿ ಒಯ್ಯಲು ನಮ್ಮ ಲೆಕ್ಕಕ್ಕೆ ಸುಮಾರು 30 ಎಚ್‌ಪಿ ಬರುತ್ತದೆ. ಅಂದರೆ ತನ್ನ ಲಾಯದ ಐದು ಕುದುರೆಗಳನ್ನು ಆತ ಎಣಿಸುವುದನ್ನೇ ಮರೆತಿದ್ದಾನೆ. ಸ್ಪೀಡೋಮೀಟರನ್ನು ಸಾಕ್ಷಿಗೆ ಕರೆದೆವು. ಗಾಡಿ ಚಾದಂಗಡಿ ಮುಂದೆ ಸ್ಟ್ಯಾಂಡ್ ಹಾಕಿ ನಿಂತಿದ್ದಾಗಲೂ ಮುಳ್ಳು 140ರಲ್ಲೇ ಇತ್ತು.

ಇಲ್ಲಿ ಒಂದು ಉಪಶಾಖೆ. ಜೇಮ್ಸ್ ವಾಟ್ 18ನೇ ಶತಮಾನದಲ್ಲಿ ಒಂದು ಕುದುರೆಗೆ ನಿಮಿಷಕ್ಕೆ 33,000 ಅಡಿ-ಪೌಂಡ್ ಎಂದು ಗೊತ್ತುಮಾಡಿದ. ಆತನೇನು ಕುದುರೆಯ ಮೇಲಿನ ಮಮತೆಯಿಂದ ಅಳೆದವನಲ್ಲ. ಕುದುರೆ ಸಾಕಿದವರಿಗೆ ಉಗಿಯಂತ್ರ ಮಾರಬೇಕಿತ್ತು. ಹುಟ್ಟಿದಂದಿನಿಂದಲೂ ಅಶ್ವಶಕ್ತಿ ಮಾರುವವನ ಬಾಯಲ್ಲಿ ಬೆಳೆದ ಮಾನ. ಅದಕ್ಕೇ ಅದು ಕೇಳುವವನನ್ನು ನೋಡಿ ಏರಿಳಿಯುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಹೀಗಾಗಿ ಹೊಲದ ಮೋಟರ್ ಎಷ್ಟೇ ಗುಡುಗಿದರೂ, ಕೇಳಿದವರು ಕರೆಂಟಿನವರಾದರೆ, ಹತ್ತನ್ನು ದಾಟುವುದಿಲ್ಲ. ಅದೇ ಮನೆಯ ಯೆಜ್ಡಿ, ಕೇಳಿದವನು ಬೀಗರ ಹುಡುಗನಾದರೆ, ಇಪ್ಪತ್ತರ ಕೆಳಗೆ ಇಳಿಯುವುದಿಲ್ಲ. ಒಬ್ಬನೇ ಯಜಮಾನ, ಒಂದೇ ಬಾಯಿ. ಮೋಟರಿನಿಂದ ಕಳೆದ ಕುದುರೆಗಳೇ ಗಾಡಿಗೆ ಬಂದು ಸೇರಿರಬಹುದೆಂಬುದು ನಮ್ಮ ಊಹೆ.

ಅಷ್ಟಕ್ಕೂ ನಮಗೆ ಕುದುರೆಯೇ ಏಕೆ? ಕಾರಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಒಂದೂವರೆ ಟನ್ ಕಲ್ಲು ಎಳೆಯುತ್ತವೆ. ನೆಲದ ತಿಕ್ಕಾಟ ತೂಕದ ಅರ್ಧವೆಂದು ಹಿಡಿದು, ಜೋಡಿ ನಿಮಿಷಕ್ಕೆ 50 ಮೀಟರ್ ನಡೆದರೆ ಎಂಟು ಎಚ್‌ಪಿ ದಾಟುತ್ತದೆ. ದಿನವಿಡೀ ಹೊಲ ಹೊಡೆಯುವಾಗ ಜೋಡಿಗೆ ಹೆಚ್ಚುಕಡಿಮೆ ಒಂದೇ ಎಚ್‌ಪಿ. ಹಬ್ಬದ ದಿನದ ಶಕ್ತಿಯನ್ನು ವರ್ಷಕ್ಕೆಲ್ಲ ಹೇಳಿಕೊಳ್ಳುವ ಚಾಳಿ ಎತ್ತಿಗಿಲ್ಲ.

ಸಿದ್ಧಾಂತಕ್ಕೆ ಬರೋಣ. ಮೆಟ್ರಿಕ್ ಅಶ್ವಶಕ್ತಿ ಎಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವುದು. ಮಾನ್ವಿ ಕಡೆ ನೆಲ್ಲಿನ ಚೀಲದ ತೂಕವೂ 75 ಕಿಲೋ! ಯುರೋಪಿನ ಪಂಡಿತರು ನಮ್ಮ ರೈಸ್‌ಮಿಲ್ಲಿಗೆ ಬಂದುಹೋದ ದಾಖಲೆಯಿಲ್ಲದಿದ್ದರೂ ಅನುಮಾನ ಉಳಿಯುತ್ತದೆ. ಹಮಾಲ ಒಂದು ಚೀಲವನ್ನು ಮೂರು ಸೆಕೆಂಡಿನಲ್ಲಿ ಒಂದೂವರೆ ಮೀಟರ್ ಏರಿಸಿದರೆ ಅವನದು ಅರ್ಧ ಎಚ್‌ಪಿ. ಸೈಲೆನ್ಸರ್ ಇಲ್ಲ, ಸದ್ದೂ ಇಲ್ಲ.

ಪ್ರಯೋಗ ಹೀಗೆ: ಗಾಡಿ, ಸವಾರ, ಹಿಂದೆ ಕೂತ ಪ್ರಬಂಧಕಾರ, ನಡುವೆ ಒಂದು ಚೀಲ ನೆಲ್ಲು, ಒಟ್ಟು 375 ಕಿಲೋ, ಅಂದರೆ ಐದು ಚೀಲ. ಕಾಲುವೆಯ ಏರಿ ಮೂರು ಮೀಟರ್ ಎತ್ತರ. ನಿಂತಲ್ಲಿಂದ ಹೊರಟು ಹತ್ತಿದ್ದು ಎರಡು ಸೆಕೆಂಡಿನಲ್ಲಿ. ಫಲ: ಏಳೂವರೆ ಎಚ್‌ಪಿ. ಚೈನು, ಚಕ್ರ, ಕ್ಲಚ್ಚು ನುಂಗಿದ್ದನ್ನು ಧಾರಾಳವಾಗಿ ಕೂಡಿಸಿದರೂ ಕಂಪನಿ ಹೇಳಿದ ಹದಿನಾರನ್ನು ಮುಟ್ಟಲು ಕಷ್ಟ.

ಯಜಮಾನ ಫಲಿತಾಂಶ ಒಪ್ಪಿಲ್ಲ. "ನೆಲ್ಲು ಹಸಿ ಇತ್ರಿ, ಚೀಲ ಎಂಬತ್ತರ ಮ್ಯಾಲಿತ್ತು" ಎಂಬುದು ಆತನ ಆಕ್ಷೇಪ. ಅದೇ ಚೀಲವನ್ನು ಮರುದಿನ ವ್ಯಾಪಾರಿಯ ತಕ್ಕಡಿಗೆ ಹಾಕಿದಾಗ, ಹಸಿಯೆಂದು ಎರಡು ಕಿಲೋ ಕಡಿಯಲು ಹೊರಟವನ ಜೊತೆ ಆತ ಜಗಳಕ್ಕೆ ನಿಂತಿದ್ದ: "ಎಲ್ಲಿ ಹಸೀರಿ? ಕೈಯಾಗ ಹಿಡ್ದು ನೋಡ್ರಿ, ಗಣಗಣ ಒಣಗೇತಿ!"